ಜೇಬಿನೊಳಗಿನ ಕೈಗಳು

ಆ ಮನುಷ್ಯ ಕಚೇರಿಗೆ ಕಾಲಿಟ್ಟೊಡನೆ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟರೆ ಮುಗಿಯಿತು, ಸಂಜೆ ಮೆಟ್ಟಿಲಿಳಿಯುವ ತನಕ ಅವು ಹೊರಬರುವುದು ಊಟಕ್ಕೆ ಮತ್ತು ಸಹಿಗೆ ಮಾತ್ರ. ಉಳಿದವರೆಲ್ಲ ಅಂಗಿಯ ತೋಳು ಮಡಚಿಕೊಂಡು ಉಸ್ಸೆನ್ನುವ ಬಿರುಬೇಸಿಗೆಯಲ್ಲೂ ಆ ಬೂದುಬಣ್ಣದ ಕೋಟು ಮೈಮೇಲೆ ಇರಲೇಬೇಕು. ಹೊಸಬರು ಇದನ್ನು ಗರ್ವವೆಂದು ಭಾವಿಸುತ್ತಾರೆ. ಕೈಕುಲುಕಲು ಬಂದ ಹಿರಿಯರೊಬ್ಬರು ಚಾಚಿದ ಕೈಯನ್ನು ಏನು ಮಾಡುವುದೆಂದು ತೋಚದೆ ಅದೇ ಕೈಯಿಂದ ತಲೆ ಕೆರೆದುಕೊಂಡದ್ದೂ ಉಂಟು. ನಡಿಗೆಯಂತೂ ಇನ್ನೂ ವಿಚಿತ್ರ. ಮೇಜುಗಳ ಸಾಲಿನ ನಡುವೆ ಹಾಯುವಾಗ ಕತ್ತೆತ್ತಿ ಸೂರು ನೋಡಿಕೊಂಡೇ ಸಾಗುತ್ತಾರೆ. ಫ್ಯಾನು ರಿಪೇರಿಗೆ ಬಂದವರಿರಬೇಕೆಂದು ಕಸ ಗುಡಿಸುವಾಕೆ ಒಮ್ಮೆ, "ಅಣ್ಣಾ, ಆ ಮೂಲೇದೂ ಕಿರುಗುಟ್ಟುತ್ತೆ, ಹಾಗೇ ನೋಡಿಬಿಡಿ" ಎಂದಿದ್ದಳಂತೆ. 'ಕೋಟು ಸಾಹೇಬರು' ಎಂದು ಕಚೇರಿಯವರು ಕರೆಯುವ ಈ ಮಹಾಶಯರ ಜೇಬಿನಲ್ಲಿ ಅಂಥದ್ದೇನಿದೆ ಎಂಬ ಕುತೂಹಲ ಹುಟ್ಟದವರು, ಪಾಪ, ಯಾವುದಕ್ಕೂ ಕುತೂಹಲಪಡದ ಜನವೇ ಇರಬೇಕು.

ಏನೂ ಇಲ್ಲ, ಬರೀ ಕೈಗಳು. ಆದರೆ ಎಂಥ ಕೈಗಳು! ಬೇರೆಯವರು ವಾರಗಟ್ಟಲೆ ತಲೆ ಚಚ್ಚಿಕೊಂಡರೂ ಸಿಗದ ದೋಷವನ್ನು, ಪಕ್ಕದಲ್ಲಿಟ್ಟ ಕಾಫಿ ಆರುವುದರೊಳಗೆ ಹೆಕ್ಕಿ ತೆಗೆಯುತ್ತಿದ್ದ ಕೈಗಳು. ಸಾಫ್ಟ್‌ವೇರ್ ಬರೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ಕೆಲಸವನ್ನು ಚೆನ್ನಾಗಿ ಮಾಡುವವರನ್ನು ಆ ಕೆಲಸದಿಂದಲೇ ಬಿಡಿಸಿ ಮೇಲ್ವಿಚಾರಣೆಗೆ ಕೂರಿಸುವುದು ಕಚೇರಿಗಳ ವಿವೇಕವಷ್ಟೆ. ಇವರನ್ನೂ ಪ್ರಾಜೆಕ್ಟ್ ಮ್ಯಾನೇಜರ್ ಮಾಡಿದರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಯಾವ ರೋಗಿ ಯಾವ ವೈದ್ಯರನ್ನು ಯಾವ ಹೊತ್ತಿಗೆ ಕಾಣಬೇಕೆಂಬುದನ್ನು ಕಂಪ್ಯೂಟರೇ ಗೊತ್ತುಪಡಿಸುವ ವ್ಯವಸ್ಥೆ ಆಗಬೇಕಿತ್ತು. ಸಾಹೇಬರು ತರಬೇತಿಗೆ ಹೋದರು, ಗೋಡೆಯ ತುಂಬ ಬಣ್ಣದ ಚೀಟಿ ಅಂಟಿಸಿ ಕೆಲಸ ಹಂಚುವುದನ್ನು ಕಲಿತರು, ಸಭೆ ನಡೆಸುವುದನ್ನೂ ಕಲಿತರು. ಸುಮ್ಮನಿರುವುದೊಂದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಯಾರು ಏನು ತೊಡಕು ಹೇಳಿಕೊಂಡು ಬಂದರೂ ಅವರ ಉತ್ತರ ಒಂದೇ: "ಬಿಡಿ, ನಾನ್ ನೋಡ್ಕೋತೀನಿ." ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತಂಡದವರು ಹಿಂದಿನ ದಿನ ಬರೆದದ್ದನ್ನೆಲ್ಲ ತೆರೆದು, ಒಪ್ಪವಾಗಿ ತಿದ್ದಿ, ಏನೂ ಅರಿಯದವರಂತೆ ಕೂತುಬಿಡುತ್ತಿದ್ದರು. ಅದರಲ್ಲಿ ಅಹಂಕಾರವಿರಲಿಲ್ಲ, ಅಕ್ಕರೆಯೇ ಇತ್ತು. ಪರಿಣಾಮ ಮಾತ್ರ ಘೋರ. ಸಾಹೇಬರು ಹೇಗೂ ತಿದ್ದುತ್ತಾರೆ ಎಂದಾದ ಮೇಲೆ ಮೈಬಗ್ಗಿಸುವವರು ಯಾರು? ಹುಡುಗರು ಆಕಳಿಸತೊಡಗಿದರು, ಇಬ್ಬರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು, ಎಲ್ಲವನ್ನೂ ತಲೆಮೇಲೆ ಹೊತ್ತ ಒಬ್ಬ ಮನುಷ್ಯ ಕೆಂಗಣ್ಣು ಬಿಟ್ಟುಕೊಂಡು ಓಡಾಡಿದಷ್ಟೂ ಪ್ರಾಜೆಕ್ಟು ಹಿಂದೆ ಬಿತ್ತು.

ತಂಡದಲ್ಲಿ ಎಲ್ಲರಿಗಿಂತ ಚುರುಕಾದ, ಮೂಗಿನ ತುದಿಯಲ್ಲೇ ಕೋಪವಿದ್ದ ಗುಂಗುರು ಕೂದಲಿನ ಹುಡುಗಿಯೊಬ್ಬಳು ಒಂದು ದಿನ ಎದುರಿಗೆ ಬಂದು ನಿಂತಳು. "ಸರ್, ಎಲ್ಲಾ ನೀವೇ ಮಾಡೋದಾದ್ರೆ ನಾನ್ಯಾಕೆ ಇಲ್ಲಿ ಕುರ್ಚಿ ಬಿಸಿ ಮಾಡ್ಲಿ? ನೀವು ತಿದ್ದಿದ್ದು ತಪ್ಪಿರಲ್ಲ, ಅದೇ ಕಷ್ಟ. ನಾನು ಕಲಿಯೋದು ಯಾವಾಗ? ನಾನೂ ಹೊರಡ್ತೀನಿ."

ವ್ಯವಸ್ಥೆಯ ಅತ್ಯಂತ ಜಟಿಲವಾದ ಭಾಗ ಅವಳದೇ. ಅವಳು ಹೋದರೆ ಆಸ್ಪತ್ರೆಯ ಕೆಲಸ ಮುಳುಗಿದಂತೆಯೇ. ಅದಕ್ಕಿಂತ ಹೆಚ್ಚಾಗಿ, ತಾವು ಒಳ್ಳೆಯದೆಂದು ನಂಬಿ ಮಾಡಿದ್ದೇ ಒಬ್ಬಳನ್ನು ಓಡಿಸುತ್ತಿದೆಯಲ್ಲ ಎಂಬುದೇ ಸಾಹೇಬರ ಸಂಕಟ.

ಅವರಿಗೊಬ್ಬ ಅಕ್ಕ. ಕಾರು ಓಡಿಸುವುದನ್ನು ಕಲಿಸುವುದು ಆಕೆಯ ಕಸುಬು. ತಮ್ಮನ ಗೋಳು ಕೇಳಿ ಬಿದ್ದುಬಿದ್ದು ನಕ್ಕ ಆಕೆ, ಮರುದಿನ ಅವರನ್ನು ಪಾಠದ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಳು. ಕಲಿಯುತ್ತಿದ್ದವರು ಒಬ್ಬ ಹಲ್ಲಿನ ವೈದ್ಯರು. ನಾಲ್ಕು ರಸ್ತೆ ಕೂಡುವಲ್ಲೇ ಕಾರು ಕೆಮ್ಮಿ ನಿಂತಿತು. ಹಿಂದಿನ ವಾಹನಗಳೆಲ್ಲ ಒಂದೇ ಸಮನೆ ಬೊಬ್ಬಿಡುತ್ತಿದ್ದರೆ, ವೈದ್ಯರು ಬೆವೆತು ತೊಪ್ಪೆಯಾಗಿದ್ದರೆ, ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, "ನಿಧಾನ, ಇನ್ನೊಂದ್ಸಲ ಸ್ಟಾರ್ಟ್ ಮಾಡಿ, ರಸ್ತೆ ಎಲ್ಲೂ ಓಡಿಹೋಗಲ್ಲ" ಎನ್ನುತ್ತ ಕುಳಿತಿದ್ದಳು. ಹಿಂದೆ ಕೂತ ತಮ್ಮನಿಗೆ ಮುಂದಕ್ಕೆ ಹಾರಿ ಕೀಲಿ ತಿರುಗಿಸಿಬಿಡುವಷ್ಟು ಚಡಪಡಿಕೆ.

"ನಂಗೂ ಕೈ ತುರಿಸುತ್ತೆ ಕಣೋ," ಎಂದಳು ಅಕ್ಕ, ಆಮೇಲೆ ಮನೆಯಲ್ಲಿ. "ಸ್ಟೇರಿಂಗ್ ಕಿತ್ಕೊಂಡ್ರೆ ಕಾರೇನೋ ಮನೆ ಸೇರುತ್ತೆ, ಅವರು ಕಲಿಯಲ್ಲ. ನನ್ನ ಕಾಲ ಹತ್ರಾನೂ ಒಂದು ಬ್ರೇಕ್ ಇದೆ. ಯಾರಿಗಾದ್ರೂ ಏಟಾಗುತ್ತೆ ಅಂದ್ರೆ ಮಾತ್ರ ಅದಕ್ಕೆ ಕೆಲಸ." ಹೊರಡುವಾಗ ಬೀರುವಿನಿಂದ ಒಂದು ಕೋಟು ತೆಗೆದುಕೊಟ್ಟಳು. "ನಿಮ್ಮ ಭಾವಂಗೆ ಈಗ ಇದ್ರಲ್ಲಿ ಹೊಟ್ಟೆ ಹಿಡಿಸಲ್ಲ. ಕೈ ಸುಮ್ನಿರದಿದ್ರೆ ಇದ್ರೊಳಗೆ ತುರುಕ್ಕೋ."

ಕೋಟಿನ ಇತಿಹಾಸ ಇಷ್ಟೆ. "ಆಸ್ಪತ್ರೆಗೆ ಒಪ್ಪಿಸೋವರೆಗಾದ್ರೂ ಇರಮ್ಮ, ನಿನ್ನ ಕೆಲಸಕ್ಕೆ ಕೈ ಹಾಕಲ್ಲ" ಎಂದು ಸಾಹೇಬರು ಹುಡುಗಿಯನ್ನು ಬೇಡಿಕೊಂಡರು. "ನೋಡೋಣ ಸರ್" ಎಂದಳು, ನಂಬದೆ. ಪರದೆ ಕಣ್ಣಿಗೆ ಬಿದ್ದರೆ ತಪ್ಪೂ ಬೀಳುತ್ತದೆ, ತಪ್ಪು ಬಿದ್ದರೆ ಕೈ ಮೇಲೇಳುತ್ತದೆ. ಆದ್ದರಿಂದ ಸೂರು ನೋಡುವ ನಡಿಗೆ ಶುರುವಾಯಿತು. ಹಳೆಯ ಮಾತಿನ ಜಾಗಕ್ಕೆ ಹೊಸ ಚಾಳಿ ಬಂತು: "ಇಬ್ಬರು ರೋಗಿಗಳಿಗೆ ಒಂದೇ ಹೆಸರಿದ್ರೆ ಏನಾಗುತ್ತೆ? ಅಲ್ಲಾ, ಸುಮ್ನೆ ಕೇಳ್ದೆ." ಸಾಹೇಬರು ಸುಮ್ಮನೆ ಕೇಳಿದರೆಂದರೆ ಎರಡು ದಿನದ ಕೆಲಸ ಬಿತ್ತೆಂದೇ ಲೆಕ್ಕ ಎಂದು ಹುಡುಗರು ಗೊಣಗಿದರು, ಗೊಣಗುತ್ತಲೇ ಕೆಲಸ ಮಾಡಿದರು. ಕೀಲಿಮಣೆಗಳ ಸದ್ದು ಕೇಳುವಾಗ ಸಾಹೇಬರಿಗೆ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಒಪ್ಪಿಸುವ ದಿನ ಆಸ್ಪತ್ರೆಯ ಸಭಾಕೊಠಡಿಯಲ್ಲಿ ವೈದ್ಯರೂ ದಾದಿಯರ ಮುಖ್ಯಸ್ಥೆಯೂ ನೆರೆದಿದ್ದರು. ಹುಡುಗಿ ಕಾಲ್ಪನಿಕ ರೋಗಿಗಳನ್ನಿಟ್ಟುಕೊಂಡು ವ್ಯವಸ್ಥೆಯನ್ನು ತೋರಿಸುತ್ತಿದ್ದಳು. ಅರ್ಧದಲ್ಲಿ, ಪರದೆಯ ಮೇಲೆ ಒಂದೇ ಹೊತ್ತಿಗೆ ಒಬ್ಬರೇ ವೈದ್ಯರ ಮುಂದೆ ಇಬ್ಬರು ರೋಗಿಗಳು ಬಂದು ಕುಳಿತರು. ಮುಖ್ಯಸ್ಥೆಯ ಹುಬ್ಬು ಗಂಟಾಯಿತು. ತಪ್ಪು ಎಲ್ಲಿದೆಯೆಂದು ಸಾಹೇಬರಿಗೆ ತಕ್ಷಣ ಹೊಳೆಯಿತು. ಬಲಗೈ ಅರ್ಧ ಹೊರಗೂ ಬಂತು. ಹುಡುಗಿ ತಿರುಗಿ ಅವರನ್ನೇ ನೋಡಿದಳು. ಇದು ಅಕ್ಕ ಹೇಳಿದ ಬ್ರೇಕ್ ಒತ್ತುವ ಹೊತ್ತೇ? ಅಲ್ಲ, ಇಲ್ಲಿ ನಿಜವಾದ ರೋಗಿ ಯಾರೂ ಇಲ್ಲ, ಯಾರಿಗೂ ಏಟಾಗುವುದಿಲ್ಲ. ಕೈಯನ್ನು ಮತ್ತೆ ಒಳಗೆ ತುರುಕಿ, ಮುಷ್ಟಿ ಬಿಗಿದು, ಸಾಹೇಬರು ಸೂರು ನೋಡಿದರು.

"ಒಂದ್ನಿಮಿಷ," ಎಂದಳು ಹುಡುಗಿ. ಪರದೆಯ ಸಾಲುಗಳನ್ನು ಒಂದೊಂದಾಗಿ ನೋಡುತ್ತ ಹೋದಳು. "ಸಿಕ್ತು! ಒಬ್ಬರು ಬರೋದು ರದ್ದು ಮಾಡಿದ್ರೆ, ಖಾಲಿಯಾದ ಹೊತ್ತನ್ನ ಇದು ಕಾಯ್ತಿರೋ ಇಬ್ಬರಿಗೂ ಕೊಟ್ಟುಬಿಡ್ತಿದೆ." ಅಲ್ಲೇ ಸರಿಪಡಿಸಿ, ಅದನ್ನೇ ಮತ್ತೆ ನಡೆಸಿ ತೋರಿಸಿದಳು.

ಎಲ್ಲ ಮುಗಿದ ಮೇಲೆ ಮುಖ್ಯಸ್ಥೆ ಮೆಲ್ಲಗೆ ಕೇಳಿದರು, "ಆ ಕೋಟು ಹಾಕ್ಕೊಂಡಿರೋರು ಏನ್ ಮಾಡ್ತಾರಮ್ಮ?"

"ಅವರಾ? ಅವರು ಏನೂ ಮಾಡಲ್ಲ ಮೇಡಂ," ಎಂದಳು ಹುಡುಗಿ. "ಅದನ್ನ ಕಲಿಯೋಕೆ ಅವರು ಪಟ್ಟ ಪಾಡು ನಮಗೇ ಗೊತ್ತು." ಹೊರಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಒಗೆಯಲೆಂದು ಅಕ್ಕ ಆ ಕೋಟನ್ನು ಇಸಿದುಕೊಂಡಾಗ ಅದರ ಮೊಣಕೈ ಸವೆದಿರಲಿಲ್ಲ, ಅಂಚು ಮಾಸಿರಲಿಲ್ಲ. ಎರಡೂ ಜೇಬಿನ ಒಳಬಟ್ಟೆ ಮಾತ್ರ ಮುಷ್ಟಿಯ ತಿಕ್ಕಾಟಕ್ಕೆ ಚಿಂದಿಯಾಗಿತ್ತು. ಕೆಲಸ ಬಲ್ಲವರು ಲೋಕದಲ್ಲಿ ಹೇರಳ, ಅವರು ಮಾಡಿದ್ದು ಹತ್ತು ಜನರ ಕಣ್ಣಿಗೆ ಕಾಣುತ್ತದೆ. ತಾವು ಬಲ್ಲ ಕೆಲಸವನ್ನೇ ಇನ್ನೊಬ್ಬರು ಎಡವುತ್ತ ಕಲಿಯಲೆಂದು ಬಿಟ್ಟುಕೊಟ್ಟು ಪಕ್ಕದಲ್ಲಿ ನಿಲ್ಲುವವರು ವಿರಳ. ಅಂಥವರು ಏನು ಮಾಡಿದರೆಂದು ತಿಳಿಯಬೇಕಾದರೆ ಅವರ ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ನೋಡಬೇಕು.