ಬಲಿಯದ ಕಣಗಳು

೧೯೮೪ರ ಬೇಸಿಗೆಯಲ್ಲಿ ಪುಟ್ಟ ರಾಮಲಕ್ಷ್ಮಿಗೆ ಮತ್ತೆ ಅಮ್ಮ ಬಂದಳು, ಮೈತುಂಬ ಗುಳ್ಳೆ ಎದ್ದವು. ಪೆದ್ದಹರಿವಾಣ ಊರಿನ ಉಳಿದ ಮಕ್ಕಳಿಗೆ ಒಮ್ಮೆ ಎದ್ದು ಒಣಗಿಹೋದ ಗುಳ್ಳೆ ಈ ಹುಡುಗಿಯನ್ನು ಮಾತ್ರ ಬಿಡುತ್ತಿರಲಿಲ್ಲ. ಈ ಸಲ ಬಾಯೊಳಗೂ ಎದ್ದು, ಉಸಿರು ಗೊರಗೊರ ಅನ್ನತೊಡಗಿತು.

“ತಾಯಿ ಮೈಮ್ಯಾಲೆ ಇರುವಾಗ ದವಾಖಾನಿ ಅಂತೀಯಲ್ಲ, ಮನಿ ಉಳಿತೈತೇನು?” ಎಂದು ಸೊಸೆಯನ್ನು ಗದರಿಸಿ ಅಜ್ಜಿ ಕೊಟ್ರಮ್ಮ ಬಾಗಿಲಿಗೆ ಅಡ್ಡ ನಿಂತಳು.

ಬಸುರಿ ಹೂವಮ್ಮ ಅತ್ತೆಯನ್ನು ಸರಿಸಿ, ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ಮಗಳನ್ನು ಎತ್ತಿಕೊಂಡು ಬಸ್ಸಿಗೆ ನಡೆದಳು. ಗಂಡ ಉರುಕುಂದಪ್ಪ ಹಿಂದೆ ಬಂದ.

ಕರ್ನೂಲಿನ ಡಾಕ್ಟರ್ ಸೇತುಮಾಧವ ರಕ್ತ ತೆಗೆದು ಪರೀಕ್ಷೆಗೆ ಮದ್ರಾಸಿಗೆ ಕಳಿಸಿದರು. ಉತ್ತರ ಬರುವಷ್ಟರಲ್ಲಿ ಹುಡುಗಿ ನೀರು ನುಂಗುವುದನ್ನೂ ಬಿಟ್ಟಿದ್ದಳು.

“ನೋಡು ತಂಗಿ,” ಎಂದರು ಡಾಕ್ಟರು. “ರಕ್ತದಾಗ ಒಂದು ಥರದ ಕಣ ಇರ್ತಾವ. ರೋಗ ಹೊಕ್ಕ ಜೀವಕಣ ಕಂಡರ ತಾವಾಗೇ ಕೊಲ್ತಾವ. ಈಗೀಗ ಗೊತ್ತಾಗಿದ್ದಿದು. ಎಲುಬಿನ ಮಜ್ಜೆಯೊಳಗ ಹುಟ್ಟಿ, ಆಮೇಲೆ ಬಲೀಬೇಕು. ನಿನ್ನ ಮಗಳಿಗೆ ಹುಟ್ಯಾವ, ಬಲಿತಿಲ್ಲ. ಅದಕ್ಕ ಗುಳ್ಳೆ ಮತ್ತ ಮತ್ತ ಏಳ್ತಾವ.”

“ಯಾಕ ಬಲಿತಿಲ್ರಿ?”

“ಮೈಯೊಳಗ ಏನೋ ಒಂದು ಅವನ್ನ ಬೆಳೆಸಬೇಕು. ಅದೇನಂತ ಪೂರಾ ಯಾರಿಗೂ ಗೊತ್ತಿಲ್ಲ.”

ಹೂವಮ್ಮ ತೋಳು ಚಾಚಿದಳು. “ನನ್ನವು ಬಲಿತಾವಲ್ಲ? ನನ್ನ ಎಲುಬು ಕೊರದು ತಗೀರಿ. ಆಕಿಗೆ ಹಾಕ್ರಿ.”

“ಅದು ಇಲ್ಲಿ ಆಗೂದಲ್ಲಮ್ಮ. ಆಗೂ ಕಡೆ ಒಯ್ಯೋವಷ್ಟು ಶಕ್ತಿ ಈಕಿಗೆ ಉಳಿದಿಲ್ಲ.”

ಹೂವಮ್ಮ ಅವರ ಕಾಲು ಹಿಡಿದಳು. ಉರುಕುಂದಪ್ಪ ಬಿಡಿಸಲು ಬಂದರೂ ಬಿಡಲಿಲ್ಲ. ಡಾಕ್ಟರು ಅಲ್ಲೇ ನೆಲದ ಮೇಲೆ ಅವಳ ಎದುರು ಕುಳಿತುಬಿಟ್ಟರು.

ಡಾಕ್ಟರು ತರಿಸಿದ ಹೊಸ ಔಷಧ ಮದ್ರಾಸಿನಿಂದ ಬಂತು, ಆದರೆ ತಡವಾಗಿತ್ತು. ಮರುದಿನ ಮಧ್ಯಾಹ್ನ ರಾಮಲಕ್ಷ್ಮಿ ತಾಯಿಯ ತೊಡೆಯ ಮೇಲೆಯೇ ಪ್ರಾಣ ಬಿಟ್ಟಳು.

ಊರಿಗೆ ಹೊರಡುವಾಗ ಹೂವಮ್ಮ ಅಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು, “ಇದಕ್ಕೂ ಹಂಗೇ ಆಗತೈತೇನ್ರಿ?” ಎಂದಳು.

“ಆಗಬಹುದು, ಆಗದೇನೂ ಇರಬಹುದು,” ಎಂದರು ಸೇತುಮಾಧವ.

ಆ ಮಾತನ್ನು ಮನಸ್ಸಿನಲ್ಲಿ ಹೊತ್ತೇ ಅವಳು ತಿಂಗಳು ತುಂಬಿ ಹೆತ್ತಳು. ಹುಟ್ಟಿದ್ದು ಹೆಣ್ಣು. ಯಾರ ಮನೆಯಲ್ಲಾದರೂ ಗುಳ್ಳೆ ಎದ್ದಿದೆಯೆಂದರೆ ಆ ಓಣಿಗೆ ಮಗುವನ್ನು ಬಿಡುತ್ತಿರಲಿಲ್ಲ. ಆದರೂ ಮಗು ನಡೆಯತೊಡಗಿದ ಮೇಲೆ ಒಂದು ಮುಂಜಾನೆ ಬೆನ್ನ ಮೇಲೆ ಗುಳ್ಳೆ ಕಂಡವು. ಹೂವಮ್ಮ ಅನ್ನ ಬಿಟ್ಟು, ಮಗುವಿನ ಎದೆಗೆ ಕಿವಿಯಿಟ್ಟು ಕುಳಿತಳು. ಗುಳ್ಳೆಗಳು ಬಾಯಿಗಿಳಿಯಲಿಲ್ಲ. ಒಣಗಿ ಉದುರಿದವು. ಮಗು ಎದ್ದು ರೊಟ್ಟಿ ಬೇಡಿತು.

ಹೂವಮ್ಮ ರೊಟ್ಟಿ ಮುರಿದುಕೊಟ್ಟು ಹಿತ್ತಲಿಗೆ ಹೋದಳು. ಅಲ್ಲಿ, ರಾಮಲಕ್ಷ್ಮಿ ಸತ್ತ ಮೇಲೆ ಮೊದಲ ಸಲ, ಓಣಿಗೆಲ್ಲ ಕೇಳುವಂತೆ ಅತ್ತಳು.