ಮೋಡವಿಲ್ಲದ ಸಂಜೆಯ ಕೊಡೆ

ಆ ಸಂಜೆ ಆಕಾಶದಲ್ಲಿ ಮೋಡದ ಸುಳಿವೇ ಇರಲಿಲ್ಲ. ಆದರೂ ಅಪ್ಪ ಬಾಗಿಲ ಹಿಂದಿನ ಮೊಳೆಯಿಂದ ಕೊಡೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬರಿಗೈಯಲ್ಲಿ ಹೊರಗೆ ಹೊರಡುವುದು ಅವನಿಗೆ ಆಗುತ್ತಿರಲಿಲ್ಲ. ಹಿಂದೆಲ್ಲ ಆ ಕೈಯಲ್ಲಿ ನಂಜುವಿನ ಕೈ ಇರುತ್ತಿತ್ತು. ನಂಜು ನನ್ನ ತಮ್ಮ. ಹಿಂದಿನ ವರ್ಷ ಜ್ವರ ಬಂದು, ಇಂದು ಬಿಡುತ್ತದೆ ನಾಳೆ ಬಿಡುತ್ತದೆ ಎನ್ನುತ್ತಿದ್ದ ಹಾಗೆಯೇ ಹೋಗಿಬಿಟ್ಟಿದ್ದ.

ಆಮೇಲೆ ಅಮ್ಮ ಹೊಸಿಲು ದಾಟಿದ್ದು ನೀರು ತರುವುದಕ್ಕೆ ಮಾತ್ರ. ಮದುವೆ, ಮುಂಜಿ ಎಂದು ಯಾರು ಕರೆದರೂ ಹೋಗಲಿಲ್ಲ. ಅಳುತ್ತಲೂ ಇರಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ನಮಗೆ ಸಿಗುತ್ತಿತ್ತು. ಬಡಿಸುತ್ತಿದ್ದಳು, ತಾನೂ ಉಣ್ಣುತ್ತಿದ್ದಳು, ಕರೆದರೆ ಓಗೊಡುತ್ತಿದ್ದಳು. ಇವಳು ಇನ್ನು ಹೀಗೇ ಇದ್ದುಬಿಡುತ್ತಾಳೇನೋ ಎಂಬ ಹೆದರಿಕೆ ಅಪ್ಪನಿಗೂ ನನಗೂ ಹತ್ತಿಕೊಂಡಿತ್ತು. ಅದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಊರಿಗೆ ನಾಟಕದ ಕಂಪನಿ ಬಂದದ್ದು ಅಂಥ ಹೊತ್ತಿನಲ್ಲಿ. ಸಂತೆ ಮೈದಾನದಲ್ಲಿ ತಗಡಿನ ಥಿಯೇಟರು ಎದ್ದಿತು. ‘ಹೇಮಪ್ರಭಾ ಪರಿಣಯ’ ಆಡುತ್ತಾರೆಂದು ಬೀದಿ ಬೀದಿಯಲ್ಲಿ ಸಾರಿದರು. ಹಳೆಯ ಸಂಗೀತ ನಾಟಕ. ಅದರ ಹಾಡುಗಳು ಊರಿನವರೆಲ್ಲರ ಬಾಯಲ್ಲಿದ್ದವು. ಕತೆ ಏನೆಂದು ಕೇಳಿದರೆ ಮಾತ್ರ ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಿದ್ದರು. ಅಪ್ಪನೂ ಅವರಲ್ಲಿ ಒಬ್ಬ. ಅದರ ಉಯ್ಯಾಲೆ ಹಾಡನ್ನು ಮುಖಕ್ಷೌರ ಮಾಡಿಕೊಳ್ಳುವಾಗ ಕೆನ್ನೆ ಕುಯ್ದುಕೊಳ್ಳುವಷ್ಟು ಮೈಮರೆತು ಹಾಡುತ್ತಿದ್ದವನು ಅವನು. ಪರಿಣಯ ಎಂದ ಮೇಲೆ ಮದುವೆಯ ಕತೆ, ಹಾಡಿರುತ್ತದೆ, ನಗುವಿರುತ್ತದೆ ಎಂದು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟ.

ಬೇಡವೆನ್ನುತ್ತಾಳೆ ಎಂದುಕೊಂಡೇ ಅಮ್ಮನನ್ನು ಕೇಳಿದ. ಅವಳು ಅಕ್ಕಿ ಆರಿಸುತ್ತಿದ್ದಳು. ಯಾವ ನಾಟಕ ಎಂದಳು. ಹೆಸರು ಹೇಳಿದ. ಮೊರದಲ್ಲಿ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. “ಹೋಗೋಣ” ಎಂದಳು. ಅಡುಗೆಮನೆಯಿಂದ ಹೊರಗೆ ಬಂದವನೇ ಅಪ್ಪ ನನ್ನ ಜಡೆ ಹಿಡಿದು ಎಳೆದ. ಸಂತೋಷವಾದರೆ ಅವನು ಮಾಡುತ್ತಿದ್ದದ್ದೇ ಅದು. ಒಂದು ವರ್ಷದಿಂದ ನನ್ನ ಜಡೆಯನ್ನು ಕೇಳುವವರಿರಲಿಲ್ಲ.

ಥಿಯೇಟರಿನ ನಡುವೆ ಹಗ್ಗ ಕಟ್ಟಿ ಹೆಂಗಸರನ್ನು ಒಂದು ಕಡೆ ನೆಲದ ಮೇಲೆ, ಗಂಡಸರನ್ನು ಒಂದು ಕಡೆ ಕುರ್ಚಿಗಳಲ್ಲಿ ಕೂರಿಸುತ್ತಿದ್ದರು. ನಾನಿನ್ನೂ ಲಂಗದ ಹುಡುಗಿ. ಹಗ್ಗದ ಅಡಿ ನುಸುಳಿ ಎರಡೂ ಕಡೆ ಓಡಾಡಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮೊದಲ ಅಂಕದಲ್ಲೇ ಉಯ್ಯಾಲೆ ಹಾಡು ಬಂತು. ಹಾರ್ಮೋನಿಯಂ ಎತ್ತಿಕೊಟ್ಟಿತು, ಹೇಮಪ್ರಭೆ ತೂಗಿ ತೂಗಿ ಹಾಡಿದಳು. ಅಮ್ಮನ ಕಾಲಿನ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು. ನಾನು ಓಡಿಹೋಗಿ ಅಪ್ಪನ ಕಿವಿಯಲ್ಲಿ ಹೇಳಿದೆ. ಅವನು ಕುರ್ಚಿಯಿಂದ ಅರ್ಧ ಎದ್ದು ಹೆಂಗಸರ ಕಡೆಗೆ ಕತ್ತು ಚಾಚಿ ನೋಡಿ, ಹಿಂದಿನವರಿಂದ ಬೈಸಿಕೊಂಡು ಕೂತ.

ವಿರಾಮದಲ್ಲಿ ನನಗೆ ಗೋಲಿ ಸೋಡಾ ಸಿಕ್ಕಿತು. ಸೋಡಾ ಅಂಗಡಿಯ ಮುಂದೆ ಪುಟ್ಟಸ್ವಾಮಯ್ಯ ನಿಂತಿದ್ದರು. ನಮ್ಮ ಬೀದಿಗೆ ಅಂಚೆ ತರುತ್ತಿದ್ದವರು, ನಾಟಕವೆಂದರೆ ಪ್ರಾಣ ಬಿಡುವವರು. ಅಪ್ಪ ಉಯ್ಯಾಲೆ ಹಾಡನ್ನು ಹೊಗಳಿದ. ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ, “ಅದೇನು ಬಿಡಿ ಸ್ವಾಮಿ, ಮುಂದಿನ ಅಂಕ ನೋಡಿ. ಕಾಡಲ್ಲಿ ಮಗೂಗೆ ಜ್ವರ ಬಂದು ತಾಯಿ ತೊಡೆ ಮೇಲೇ ಹೋಗಿಬಿಡುತ್ತೆ. ಆಗ ಹಾಡ್ತಾಳಲ್ಲ, ಅದು ಹಾಡು” ಎಂದರು. ಹೇಳಿದ ಮೇಲೆ ಅವರಿಗೆ ನಮ್ಮ ಮನೆ ನೆನಪಾಯಿತೆಂದು ಕಾಣುತ್ತದೆ. ನಾಲಿಗೆ ಕಚ್ಚಿಕೊಂಡು ಜನರ ನಡುವೆ ಸರಿದುಹೋದರು.

ಅಪ್ಪ ಕೊಡೆಯ ತುದಿಯಿಂದ ನೆಲ ಕುಕ್ಕತೊಡಗಿದ. ಅಮ್ಮನ ಹೆಬ್ಬೆರಳು ತಾಳ ಹಾಕಿದ ಸಂಜೆಯೇ ಹೀಗಾಗಬೇಕೆ ಎಂದು ನನಗೆ ಅಳು ಬಂತು.

“ನಿಮ್ಮಮ್ಮನ್ನ ಕರ್ಕೊಂಡು ಬಾ ಪುಟ್ಟಿ. ಮನೆಗೆ ಹೋಗಿಬಿಡೋಣ. ಯಾಕೆ ಅಂತ ಮಾತ್ರ ಹೇಳಬೇಡ.”

ಅಮ್ಮ ಹೆಂಗಸರ ಕಡೆ ಕೂತಲ್ಲೇ ಇದ್ದಳು. ಏನೆಂದು ಕರೆಯುವುದು? ಮಳೆ ಬರುವ ಹಾಗಿದೆಯಂತೆ ಎಂದೆ. ಕೊಡೆ ತಂದಿದ್ದಾರಲ್ಲ ಎಂದಳು ಅಮ್ಮ. ಹಗ್ಗ ನುಸುಳಿ ವಾಪಸು ಬಂದೆ. ತಲೆನೋವು ಎಂದು ಹೇಳು ಎಂದ ಅಪ್ಪ. ಹೇಳಿದೆ. ಅಮ್ಮ ಸೆರಗಿನ ಗಂಟು ಬಿಚ್ಚಿ ಒಣಶುಂಠಿಯ ಚೂರು ಕೊಟ್ಟು, ಬಾಯಲ್ಲಿಟ್ಟುಕೊಂಡಿರಲು ಹೇಳಿಕಳಿಸಿದಳು. ಅಪ್ಪ ಅದನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡ, ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಹಿತ್ತಲ ಬಾಗಿಲು ಹಾಕಿದೆವೋ ಇಲ್ಲವೋ ಎಂಬ ಮೂರನೆಯ ನೆಪ ನನ್ನದೇ. ಅಗುಳಿ ತಾನೇ ಹಾಕಿದ್ದೇನೆ, ಇನ್ನು ಓಡಾಡದೆ ಕೂತುಕೋ ಎಂದಳು ಅಮ್ಮ. ಅಷ್ಟರಲ್ಲಿ ಗಂಟೆ ಹೊಡೆದು ಪರದೆ ಎದ್ದಿತು.

ಕಾಡಿನ ಪರದೆ. ಅದರ ಮುಂದೆ ಒಂದು ಬಂಡೆ, ಬಂಡೆಯ ಮೇಲೆ ಹೇಮಪ್ರಭೆ, ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಹುಡುಗ. ನಂಜುವಿನ ವಯಸ್ಸೇ. ಮೀಸೆ ಬರೆಯದೆ, ಕಿರೀಟ ಇಡದೆ ಅವನನ್ನು ಬರಿಯ ಹುಡುಗನನ್ನಾಗಿ ಬಿಟ್ಟಿದ್ದರು. ಹೇಮಪ್ರಭೆ ಸೆರಗಿನಿಂದ ಗಾಳಿ ಬೀಸುತ್ತ ಅವನ ಹಣೆ ಮುಟ್ಟಿ ನೋಡಿದಳು. ನಮ್ಮ ಮನೆಯ ನಡುಕೋಣೆಯಲ್ಲಿ ನಡೆದದ್ದೂ ಹೀಗೇ. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು.

ಆಗ ಗದ್ದಲ ಕೇಳಿಸಿತು. ಅಪ್ಪ ಹಗ್ಗ ದಾಟಿ ಹೆಂಗಸರ ನಡುವೆ ನುಗ್ಗಿ ಬರುತ್ತಿದ್ದ. ಯಾರದೋ ಕಾಲು ತುಳಿದ, ಯಾರದೋ ತಾಂಬೂಲದ ಡಬ್ಬಿ ಉರುಳಿಸಿದ. ಅಮ್ಮನ ಪಕ್ಕ ಮಂಡಿಯೂರಿ ಕೂತು, ಹುಡುಗ ಕೊನೆಯ ಮಾತಾಡುತ್ತಿದ್ದ ಹಾಗೆಯೇ, ಅವಳ ಮುಖದ ಮುಂದೆ ಕೊಡೆ ಬಿಚ್ಚಿ ಹಿಡಿದ.

“ಮಡಚ್ರೀ ಅದನ್ನ, ತಗಡಿನ ಕೆಳಗೇನು ಮಳೆ ಬರ್ತಿದೆಯಾ?” ಎಂದಳು ಹಿಂದಿನ ಸಾಲಿನ ಹೆಂಗಸು. ಅಪ್ಪ ಮಡಚಲಿಲ್ಲ. ಇನ್ನಷ್ಟು ತಗ್ಗಿಸಿ ಹಿಡಿದ.

ಅಮ್ಮ ಅವನ ಕೈಯ ಮೇಲೆ ಕೈಯಿಟ್ಟಳು. “ಮಡಚಿ. ನಂಗೆ ಈ ಕತೆ ಗೊತ್ತು. ಚಿಕ್ಕೋಳಿದ್ದಾಗ ನಮ್ಮಪ್ಪನ ಜೊತೆ ನೋಡಿದೀನಿ.”

“ಗೊತ್ತಿದ್ದೂ ಬಂದೆಯಾ?”

ಅವಳು ತಾನೇ ಕೊಡೆ ಮಡಚಿ ಕಾಲ ಬಳಿ ಇಟ್ಟಳು. ಅಪ್ಪನ ತೋಳು ಹಿಡಿದು ನೆಲದ ಮೇಲೆ ಕೂರಿಸಿದಳು. ಬೈದ ಹೆಂಗಸೇ ಚೂರು ಸರಿದು ಜಾಗ ಮಾಡಿಕೊಟ್ಟಳು.

ಹೇಮಪ್ರಭೆ ಹಾಡಿದಳು. ಪುಟ್ಟಸ್ವಾಮಯ್ಯ ಸುಳ್ಳು ಹೇಳಿರಲಿಲ್ಲ, ಥಿಯೇಟರಿಗೆ ಥಿಯೇಟರೇ ಮೂಗು ಒರೆಸಿಕೊಂಡಿತು. ಅತ್ತು ಮುಗಿಸಿದವರೇ “ಒನ್ಸ್ ಮೋರ್” ಎಂದು ಕೂಗಿದರು. ಹಾಡು ಮುಗಿಯಿತೆಂದು ಎದ್ದು ಕೂತು ಮೊಣಕಾಲು ಕೆರೆದುಕೊಳ್ಳುತ್ತಿದ್ದ ಹುಡುಗ ಮತ್ತೆ ಮಲಗಿ ಸತ್ತ. ಅಪ್ಪ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅಮ್ಮ ಮಾತ್ರ ಅಳಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ರಂಗದ ಅಂಚನ್ನೇ ನೋಡುತ್ತ, ಉಂಗುರವನ್ನು ತಿರುಗಿಸುತ್ತ, ತಿರುಗಿಸುತ್ತ ಕೂತಿದ್ದಳು.

ಆಮೇಲೆ ಏನೇನೋ ನಡೆಯಿತು. ಹೇಮಪ್ರಭೆಯನ್ನು ಕಾಡಿಗಟ್ಟಿದ್ದ ರಾಜ ಬಂದ, ಪಶ್ಚಾತ್ತಾಪ ಪಟ್ಟ. ಕೊನೆಯಲ್ಲಿ ಮಂಗಳ ಹಾಡಲು ಕಂಪನಿಯವರೆಲ್ಲ ಸಾಲಾಗಿ ಬಂದು ನಿಂತರು, ಕತೆಯಲ್ಲಿ ಬದುಕಿದವರು, ಸತ್ತವರು ಎಲ್ಲರೂ. ಹುಡುಗ ಒಳಗಿನಿಂದ ಓಡಿ ಬಂದು ಹೇಮಪ್ರಭೆಯ ಪಕ್ಕ ನಿಂತ. ಅವಳು ಅವನ ಕೈ ಹಿಡಿದುಕೊಂಡಳು. ಅವನು ಆಕಳಿಸಿ, ಶ್ರುತಿಗೆ ಸೇರದ ದೊಡ್ಡ ದನಿಯಲ್ಲಿ ಹಾಡತೊಡಗಿದ.

ಅಮ್ಮ ಎದ್ದು ನಿಂತಳು. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. ಪರದೆ ಇಳಿಯುತ್ತ ಬಂದು ಹುಡುಗನ ಮುಖ ಮರೆಯಾದಾಗ ಬಗ್ಗಿ ಅವನ ಕಾಲುಗಳನ್ನು ನೋಡಿದಳು.

“ಕಡೇಲಿ ಎದ್ದು ಬಂದು ಅಮ್ಮನ ಪಕ್ಕ ನಿಲ್ತಾನೆ. ಅಷ್ಟು ನೋಡಬೇಕಿತ್ತು ನಂಗೆ” ಎಂದಳು.

ದಾರಿಯುದ್ದಕ್ಕೂ ಅವಳು ಅಳುತ್ತಲೇ ಬಂದಳು, ನಾವು ಎರಡೂ ಕಡೆ ನಡೆದೆವು. ಅಂತೂ ನಮಗೆ ಸಮಾಧಾನ ಮಾಡುವ ಕೆಲಸ ಸಿಕ್ಕಿತ್ತು. ಹೇಗೆ ಮಾಡಬೇಕೆಂದು ಮಾತ್ರ ಇಬ್ಬರಿಗೂ ತಿಳಿಯಲಿಲ್ಲ.

ಮನೆ ಸೇರಿ ಬಾಗಿಲ ಹಿಂದೆ ಕೈಯಾಡಿಸಿದಾಗಲೇ ಅಪ್ಪನಿಗೆ ಗೊತ್ತಾದದ್ದು, ಕೊಡೆ ಥಿಯೇಟರಿನಲ್ಲೇ ಉಳಿದಿದೆ ಎಂದು. ಈಗಲೇ ಓಡಿಹೋಗಿ ತರುತ್ತೇನೆಂದ. ಅಮ್ಮ ಕಾಲು ತೊಳೆದು ಒಳಗೆ ಬರುತ್ತಿದ್ದಳು.

“ಇರಲಿ ಬಿಡಿ. ನಾಳೆ ಮೂವರೂ ಹೋಗಿ ತರೋಣ” ಎಂದಳು. ಕಾಲು ಒರೆಸಿಕೊಳ್ಳುತ್ತ, “ಮಂಗಳದ ಹೊತ್ತಿಗೆ ಹೋದರೆ ಸಾಕು” ಎಂದಳು.

ಅಪ್ಪ ಖಾಲಿ ಮೊಳೆಯ ಮುಂದೆ ನಿಂತು ತಲೆಯಾಡಿಸಿದ. ಮರುಸಂಜೆಯೂ ಆಕಾಶದಲ್ಲಿ ಮೋಡವಿರಲಿಲ್ಲ. ಮೈದಾನದ ಕಡೆಗೆ ಹೊರಟಾಗ ಅಪ್ಪನ ಕೈ ಬರಿದಾಗಿತ್ತು. ಬೀದಿಯ ತಿರುವಿನಲ್ಲಿ ಅಮ್ಮ ಆ ಕೈಯನ್ನು ಹಿಡಿದುಕೊಂಡಳು.