ಮೆಲ್ಲಗೆ ಒತ್ತಿದಾಗ

ಭಾನುವಾರ ಚರ್ಚಿನ ಪೂಜೆ ಮುಗಿದು ಗಂಡಸರೆಲ್ಲ ಊರ ಚೌಕದ ದೊಡ್ಡ ಮರದ ಕೆಳಗೆ ಕಾಫಿ ಕುಡಿಯುತ್ತ ಕೂತಿದ್ದ ಹೊತ್ತಿಗೆ ಮುದುಕ ಅನೆಸ್ತಿಸನ ಪಿಕಪ್ಪು ಇಳಿಜಾರಿನಿಂದ ಬಂತು. ವೇಗವೇನೂ ಇರಲಿಲ್ಲ. ದನ ಮನೆಗೆ ಬರುವ ಹಾಗೆ ನಿಧಾನವಾಗಿ ಬಂದು, ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ, ಎರಡು ಖಾಲಿ ಕುರ್ಚಿಗಳನ್ನು ಪುಡಿ ಮಾಡಿ ಮರದ ಕಲ್ಲುಕಟ್ಟೆಗೆ ಮೂತಿ ತಾಗಿಸಿ ನಿಂತಿತು. ಕೂತವರು ಕಾಫಿ ಬಟ್ಟಲು ಹಿಡಿದುಕೊಂಡೇ ಎದ್ದು ಓಡಿದರು. ಯಾರಿಗೂ ಪೆಟ್ಟಾಗಲಿಲ್ಲ. ಪಾದ್ರಿ ಮಾತ್ರ ನಿಲುವಂಗಿಯ ಮೇಲೆ ಬಿದ್ದ ಕಾಫಿಯನ್ನೇ ನೋಡಿಕೊಳ್ಳುತ್ತ ಬಹಳ ಹೊತ್ತು ನಿಂತಿದ್ದರು.

"ಕುರ್ಚಿ ಬೇಕಿದ್ರೆ ಕೇಳಬಾರದಿತ್ತಾ ಅನೆಸ್ತಿಸಣ್ಣ, ನಾವೇ ತಂದು ಹಾಕ್ತಿದ್ವಿ," ಅಂದ ಕಾಫಿ ಅಂಗಡಿಯವ. ಎಲ್ಲರೂ ನಕ್ಕರು. ಅನೆಸ್ತಿಸ್ ನಗಲಿಲ್ಲ. ಸ್ಟಿಯರಿಂಗಿನ ಮೇಲಿಟ್ಟ ಕೈ ತೆಗೆಯದೆ, "ಕಾಲು ಬ್ರೇಕ್ ಮೇಲೇ ಇತ್ತು. ಪೆಡಲ್ ಕೆಳಗೆ ಹೋಯ್ತು. ಕಲಸಿದ ಹಿಟ್ಟಿನಲ್ಲಿ ಕಾಲಿಟ್ಟ ಹಾಗೆ ಕೆಳಗೆ ಹೋಯ್ತು," ಅಂದ.

ಆ ಮಾತನ್ನು ಅವನು ಮನೆಯಲ್ಲೂ ಹೇಳಿದ, ಊರಿನ ಕೆಳಗಿನ ತಿರುವಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಸ್ತೆರ್ಯೋಸನಿಗೂ ಹೇಳಿದ. ಸ್ತೆರ್ಯೋಸ್ ಎತ್ತಿನಂಥ ಆಳು, ಕೆಲಸದಲ್ಲಿ ಸುಳ್ಳಿಲ್ಲದವನು. ನಾಲ್ಕೂ ಚಕ್ರ ಬಿಚ್ಚಿ ನೋಡಿದ. ಬ್ರೇಕ್ ಆಯಿಲ್ ಡಬ್ಬಿಯ ಗೆರೆಯವರೆಗೂ ಇತ್ತು, ಎಲ್ಲಿಯೂ ಒಂದು ಹನಿ ಸೋರಿರಲಿಲ್ಲ. ಹಾಗಿದ್ದರೂ ಪೈಪುಗಳೊಳಗಿನ ಗಾಳಿ ತೆಗೆದ, ಲೈನರ್ ಬಿಗಿ ಮಾಡಿದ. ಆಮೇಲೆ ತಾನೇ ಹತ್ತಿ ಕೂತು ಇಳಿಜಾರಿನಲ್ಲಿ ಓಡಿಸಿ, ಟೈರು ಕಿರುಚುವ ಹಾಗೆ ಬ್ರೇಕ್ ತುಳಿದ. ಗಾಡಿ ನೆಟ್ಟ ಕಂಬದ ಹಾಗೆ ನಿಂತಿತು. ಮತ್ತೆ ತುಳಿದ, ಮತ್ತೆ ನಿಂತಿತು.

"ಗಾಡಿಗೇನೂ ಆಗಿಲ್ಲ," ಎಂದು ಮುದುಕನ ಮಗ ಲಾಂಬ್ರೋಸನನ್ನು ಪಕ್ಕಕ್ಕೆ ಕರೆದು ಹೇಳಿದ. "ನಿಮ್ಮಪ್ಪನ ವಯಸ್ಸೆಷ್ಟು ಈಗ?"

ಲಾಂಬ್ರೋಸನಿಗೆ ಅಪ್ಪನ ಎದುರು ನಿಂತು ಮಾತಾಡುವ ಧೈರ್ಯ ಯಾವತ್ತೂ ಇದ್ದದ್ದಲ್ಲ. ಊಟದ ಮೇಜಿನ ಮುಂದೆ ಅವನು ಗಂಟಲು ಸರಿ ಮಾಡಿಕೊಂಡು ಕಿಟಕಿ ಕಡೆ ತಿರುಗಿದಾಗ, ಹೆಂಡತಿ ಎವಾಂಥಿಯಾಳೇ ಕೀಲಿಗಾಗಿ ಅಂಗೈ ಚಾಚಿದಳು. "ಗಾಡಿ ಇನ್ನು ನಾನು ನೋಡ್ಕೋತೀನಿ ಮಾವ. ಅಲ್ಲಿ ಯಾವುದಾದ್ರೂ ಮಗು ಆಡ್ತಿದ್ದಿದ್ರೆ?"

ಅನೆಸ್ತಿಸ್ ವಾದ ಮಾಡಲಿಲ್ಲ. ಕೀಲಿಯನ್ನು ಅವಳ ಕೈಗೆ ಕೊಡದೆ ಬ್ರೆಡ್ಡಿನ ಪಕ್ಕದಲ್ಲಿ ಇಟ್ಟು ಎದ್ದು ಹೋದ. ಕೈಗೇ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಅಲ್ಲಿಂದ ಮುಂದೆ ಎಲ್ಲ ಓಡಾಟ ಎವಾಂಥಿಯಾಳ ತಲೆಗೇ ಬಂತು. ಲಾಂಬ್ರೋಸ್ ಬೇಸಿಗೆಯುದ್ದಕ್ಕೂ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿರುತ್ತಿದ್ದ, ಸಂಜೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬೆಳಕು ಹರಿಯುವ ಮುಂಚೆ ದೊಡ್ಡಿಗೆ ಹೋಗಿ ಹಾಲಿನ ಕ್ಯಾನು ತರಬೇಕು, ಹಾಲು ಕಾಯಿಸಿ ಹೆಪ್ಪು ಹಾಕಬೇಕು, ಚೀಸ್ ಕಟ್ಟಿ ಉಪ್ಪುನೀರಿನ ಡಬ್ಬಿಗೆ ತುಂಬಬೇಕು, ಸಂತೆಯ ದಿನ ಆ ಡಬ್ಬಿಗಳನ್ನು ಹೇರಿಕೊಂಡು ಆರ್ತಾ ಪಟ್ಟಣಕ್ಕೆ ಇಳಿಯಬೇಕು. ಮೊದಲಾದರೆ ಹಾಲು ತರುವುದು, ಸಂತೆಗೆ ಹೋಗುವುದು ಮಾವನ ಪಾಲು. ಈಗ ಉಪ್ಪುನೀರಿಗೆ ಬೆರಳುಗಳ ಸಂದು ಒಡೆದು, ರಾತ್ರಿ ಹಾಸಿಗೆಗೆ ಬಿದ್ದರೆ ಮೈಯೇ ತನ್ನದಲ್ಲ ಅನ್ನಿಸುತ್ತಿತ್ತು. ಮಾವ ಅಂಗಳದಲ್ಲಿ ಹುರುಳಿಕಾಯಿ ಸುಲಿಯುತ್ತ ಕೂತಿರುತ್ತಿದ್ದ. ಚೌಕದ ಕಡೆ ಹೋಗುವುದನ್ನೇ ಬಿಟ್ಟಿದ್ದ. ಹೋದರೆ ಯಾರಾದರೂ ಕುರ್ಚಿಯ ಮಾತು ತೆಗೆಯುತ್ತಿದ್ದರು.

ಒಂದು ಸಂತೆಯ ಬೆಳಿಗ್ಗೆ ಅವಳು ಹೊಳೆಯ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿಕೊಂಡಿದ್ದಳು. ಸೇತುವೆ ಒಂದೇ ಗಾಡಿಯ ಅಗಲದ್ದು. ಎದುರಿನಿಂದ ಮರದ ದಿಮ್ಮಿ ಹೇರಿದ ಲಾರಿ ಬರುತ್ತಿತ್ತು. ಪೆಡಲಿನ ಮೇಲೆ ಕಾಲಿಟ್ಟುಕೊಂಡು ಕಾಯುತ್ತಿದ್ದಾಗ ಕಾಲ ಕೆಳಗಿನ ಗಟ್ಟಿತನ ಮೆಲ್ಲನೆ ಕರಗಿತು. ಪೆಡಲ್ ಇಳಿಯುತ್ತ ಹೋಯಿತು, ಗಾಡಿ ಉರುಳತೊಡಗಿತು. ಲಾರಿಯ ಮೂತಿ ದೊಡ್ಡದಾಗುತ್ತ ಬಂತು. ಅವಳು ಎರಡೂ ಕೈಯಿಂದ ಹ್ಯಾಂಡ್ ಬ್ರೇಕ್ ಎಳೆದಳು, ಕಾಲೆತ್ತಿ ಮತ್ತೆ ತುಳಿದಳು. ಪೆಡಲ್ ಕಲ್ಲಿನಷ್ಟು ಗಟ್ಟಿಯಾಗಿತ್ತು. ಗಾಡಿ ನಿಂತಿತು.

ಲಾರಿಯವನು ಕಿಟಕಿಯಿಂದ ತಲೆ ಹಾಕಿ, "ಏನಮ್ಮ, ಮುತ್ತು ಕೊಡೋಕೆ ಬರ್ತಿದ್ಯಾ?" ಅಂದು ಪಕ್ಕದಲ್ಲಿ ಹಾದುಹೋದ.

ಎವಾಂಥಿಯಾ ಸೇತುವೆ ದಾಟಿ ರಸ್ತೆ ಬದಿಗೆ ನಿಲ್ಲಿಸಿ ತನ್ನ ಬಲಗಾಲನ್ನೇ ನೋಡುತ್ತ ಕೂತಳು. ನಿದ್ದೆ ಬಂದಿತ್ತೇ? ಕಾಲು ಜಾರಿತೇ? ಹೇಗೆ ನೆನಪಿಸಿಕೊಂಡರೂ ಕಾಲು ಪೆಡಲಿನ ಮೇಲೇ ಇತ್ತು. ಮಾವ ಹೇಳಿದ್ದೂ ಅದನ್ನೇ ಅಲ್ಲವೇ ಎಂದು ಆಗ ಹೊಳೆಯಿತು.

ಅವತ್ತು ಸಂಜೆ ಕುರಿದೊಡ್ಡಿಯ ಹತ್ತಿರ ಗಂಡನಿಗೆ ಹೇಳಿದಳು. ಲಾಂಬ್ರೋಸ್ ಕುರಿಯ ಗೊರಸು ಕೆತ್ತುತ್ತಿದ್ದವನು ತಲೆ ಎತ್ತಲಿಲ್ಲ. "ನಿದ್ದೆ ಕೆಟ್ಟಿದ್ದೀಯ, ಅಷ್ಟೇ. ಅಪ್ಪನ ಮಾತು ಕೇಳಿ ಕೇಳಿ ನಿನ್ನ ತಲೇಲೂ ಅದೇ ಕೂತಿದೆ."

"ಸೇತುವೆ ಹತ್ತಿರ ನನ್ನ ಜೊತೆ ನಿಮ್ಮಪ್ಪ ಇರಲಿಲ್ಲ, ಲಾರಿ ಇತ್ತು."

"ಹಂಗಾದ್ರೆ ಸ್ತೆರ್ಯೋಸನಿಗೆ ತೋರಿಸು."

ತೋರಿಸಿದಳು. ಸ್ತೆರ್ಯೋಸ್ ಆಯಿಲ್ ನೋಡಿದ, ಗೆರೆಯವರೆಗೂ ಇತ್ತು. ಗಾಡಿ ಹತ್ತಿ ದಢಾರನೆ ತುಳಿದ, ನಿಂತಿತು. "ಬಂಡೆ ಇದ್ದ ಹಾಗಿದೆ ತಂಗಿ. ನಿಮ್ಮ ಮನೆಯವರಿಗೆಲ್ಲ ಸ್ವಲ್ಪ ವಿಶ್ರಾಂತಿ ಬೇಕು," ಅಂದ. ಬಾಗಿಲಲ್ಲೇ ನಿಂತಿದ್ದ ಅವನ ಚಿಕ್ಕಮ್ಮ ಗರುಫಲ್ಯಾ, "ಗಾಡಿಗೆ ದೃಷ್ಟಿ ಆಗಿದೆ. ಬಾ, ಎಣ್ಣೆ ಬಿಟ್ಟು ನೋಡೋಣ," ಎಂದು ಒಳಗೆ ಕರೆದು, ತಟ್ಟೆಯ ನೀರಿಗೆ ಆಲಿವ್ ಎಣ್ಣೆಯ ಹನಿ ಬಿಟ್ಟು ಬಾಯೊಳಗೇ ಮಂತ್ರ ಹೇಳಿದಳು. ಹನಿ ಒಡೆದು ಹರಡಿತು. "ನೋಡಿದ್ಯಾ, ಎಂಥಾ ಕಣ್ಣು ಬಿದ್ದಿದೆ," ಎಂದು ಮುದುಕಿ, ದೃಷ್ಟಿ ಇಳಿಯುತ್ತಿದೆ ಅನ್ನುವುದಕ್ಕೆ ಗುರುತಾಗಿ, ತೃಪ್ತಿಯಿಂದ ಆಕಳಿಸಿದಳು. ಎವಾಂಥಿಯಾ ಆ ನೀರನ್ನು ನಾಲ್ಕೂ ಚಕ್ರಕ್ಕೆ ಚಿಮುಕಿಸಿದಳು. ಬೇಡ ಅನ್ನುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಮಾವನಿಗೆ ಹೇಳುವ ಮಾತನ್ನು ದಿನದಿಂದ ದಿನಕ್ಕೆ ಮುಂದೂಡಿದಳು. ಹೇಳಿದರೆ ಕೀಲಿ ಕೇಳಿದ ದಿನದ ಮಾತೂ ಬರುತ್ತದೆ. ಅಷ್ಟರಲ್ಲಿ ದೊಡ್ಡಿಯ ಬಾಗಿಲಲ್ಲಿ ಪೆಡಲ್ ಇನ್ನೊಮ್ಮೆ ಕೈಕೊಟ್ಟಿತು. ಮರದ ಗೇಟು ಸೀಳಿತು. ಅವತ್ತು ಮನೆಗೆ ಬಂದು ಹಾಲು ಇಳಿಸಿ, ಕೈ ಒರೆಸಿಕೊಂಡು, ಅಂಗಳದಲ್ಲಿ ಕೂತಿದ್ದ ಅನೆಸ್ತಿಸನ ಎದುರು ಮಕ್ಕರಿ ಬೋರಲು ಹಾಕಿ ಕೂತಳು.

"ಮಾವ, ನನಗೂ ಆಯ್ತು. ಎರಡು ಸಲ."

ಮುದುಕ ಸುಲಿಯುತ್ತಿದ್ದ ಕಾಯಿಯನ್ನು ಪೂರ್ತಿ ಸುಲಿದು ಮುಗಿಸಿದ. "ನಾನು ಹೇಳಿರಲಿಲ್ವಾ" ಅನ್ನುತ್ತಾನೆ ಎಂದು ಅವಳು ಕಾದಳು. ಅವನು ಅನ್ನಲಿಲ್ಲ.

"ಓಡ್ತಿದ್ದಾಗಲಾ, ನಿಂತಿದ್ದಾಗಲಾ?"

"ಒಂದ್ಸಲ ನಿಂತಿದ್ದಾಗ. ಒಂದ್ಸಲ ನಿಲ್ಲಿಸ್ತಾ ಇದ್ದಾಗ."

"ಕಾಲೆತ್ತಿ ಮತ್ತೆ ಒತ್ತಿದ್ರೆ?"

"ಗಟ್ಟಿ. ಏನೂ ಆಗೇ ಇಲ್ಲ ಅನ್ನೋ ಹಾಗೆ."

"ಹೂಂ," ಅಂದ ಅವನು. ಆಮೇಲೆ ಇನ್ನೊಂದು ಕಾಯಿ ಕೈಗೆತ್ತಿಕೊಂಡು, "ರಾತ್ರಿ ಮಂಚದ ಹಲಗೆಗೆ ಕಾಲು ಕೊಟ್ಟು ಒತ್ತಿ ನೋಡ್ತಿದ್ದೆ ಕಣೇ," ಅಂದ. "ಕಾಲು ನನ್ನ ಮಾತು ಕೇಳ್ತದಾ ಅಂತ. ಕೇಳ್ತಿತ್ತು. ಆದ್ರೂ ಬೆಳಿಗ್ಗೆ ಎದ್ರೆ ನಂಬಿಕೆ ಇರ್ತಿರಲಿಲ್ಲ."

ಎವಾಂಥಿಯಾ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಕಡೆಗೆ, "ಏಳಿ, ಹೋಗಿ ನೋಡೋಣ," ಅಂದಳು.

ಅವಳು ಓಡಿಸಿದಳು, ಅವನು ಪಕ್ಕದಲ್ಲಿ ಕೂತ. ಇಳಿಜಾರು ಇಳಿದರು, ಸೇತುವೆಯ ಹತ್ತಿರ ನಿಂತರು. ಪೆಡಲ್ ಗಟ್ಟಿಯಾಗಿತ್ತು. ಹತ್ತಿ ಬಂದು ಮತ್ತೆ ಇಳಿದರು, ಮತ್ತೆ ಗಟ್ಟಿ. ಬಿಸಿಲು ಏರಿತು, ಗಾಡಿಯೊಳಗೆ ಡೀಸೆಲ್ ವಾಸನೆ, ಕುರಿಯ ವಾಸನೆ. ಕಾಯಿಲೆಯವನು ವೈದ್ಯನ ಮುಂದೆ ಕೂತ ಕೂಡಲೇ ನೋವು ಮಾಯವಾಗುವುದಿಲ್ಲವೇ, ಹಾಗೆ ಗಾಡಿ ಗುಣವಂತನಾಗಿ ಕೂತುಬಿಟ್ಟಿತ್ತು. ಅವಳಿಗೆ ಅಳು ಬರುವ ಹಾಗಾಯಿತು.

"ಈಗ ನೀನು ಬೇಕಂತಲೇ ತುಳೀತಿದ್ದೀಯ," ಅಂದ ಅನೆಸ್ತಿಸ್. "ಹಿಂದೆ ಹಾಲು ತುಂಬಿದ ಕ್ಯಾನಿದೆ ಅಂದ್ಕೋ. ಹಾಲಿರುವಾಗ ಹೇಗೆ ಹಿಡೀತೀಯೋ ಹಾಗೆ ಹಿಡಿ."

ಹೊಳೆಯ ಪಕ್ಕದ ಪುಟ್ಟ ಚರ್ಚಿನ ಮುಂದೆ ಅವಳು ಹಾಗೇ ಹಿಡಿದಳು. ಹಾಲು ತುಳುಕದ ಹಾಗೆ, ಕ್ಯಾನಿಗೆ ತಿಳಿಯದ ಹಾಗೆ ಹೆಬ್ಬೆರಳ ಬುಡದಿಂದ ಮೆಲ್ಲಗೆ ಒತ್ತಿ ಅಲ್ಲೇ ಇಟ್ಟುಕೊಂಡಳು. ಪೆಡಲ್ ಇಳಿಯಿತು. ಅವಳ ಉಸಿರಿಗಿಂತ ನಿಧಾನವಾಗಿ, ತಳದವರೆಗೂ ಇಳಿಯಿತು.

"ಹೋಯ್ತು ಮಾವ."

"ಕಾಲೆತ್ತಿ ಜೋರಾಗಿ ತುಳಿ."

ತುಳಿದಳು. ನಿಂತಿತು. ಮೆಲ್ಲಗೆ ಒತ್ತಿದಳು. ಇಳಿಯಿತು. ಹೀಗೆ ಐದಾರು ಸಲ ಮಾಡಿದರು. ಇಬ್ಬರಿಗೂ ಖುಷಿಯೇನೂ ಆಗಲಿಲ್ಲ. ದೊಡ್ಡ ಮೂಟೆ ಕೆಳಗಿಟ್ಟವರ ಹಾಗೆ ಸೀಟಿಗೆ ಒರಗಿದರು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಹೊಳೆಯ ಒಣ ಪಾತ್ರದಲ್ಲಿ ಗಾಡಿ ಕಲಿಸಿದವನು ಅನೆಸ್ತಿಸನೇ. ಲಾಂಬ್ರೋಸ್ ಆಗ ಸೈನ್ಯದಲ್ಲಿದ್ದ. ಊರಿನಲ್ಲಿ ಉಳಿದವರೆಲ್ಲ ಬ್ರೇಕ್ ತುಳಿಯುತ್ತಾರೆ; ಹಾಲು ಹೊತ್ತು ಹೊತ್ತು ಮೆಲ್ಲಗೆ ಒತ್ತುವುದನ್ನು ರೂಢಿಸಿಕೊಂಡವರು ಇವರಿಬ್ಬರೇ.

"ನನ್ನಿಂದ ಬಂದ ಕಾಲು ನಿಂದು," ಅಂದ ಮುದುಕ. "ಅದಕ್ಕೇ ಇಬ್ಬರೂ ಸಿಕ್ಕಿಬಿದ್ವಿ."

ಗ್ಯಾರೇಜಿನಲ್ಲಿ ಸ್ತೆರ್ಯೋಸ್ ಅವರನ್ನು ಕಂಡು ನಿಟ್ಟುಸಿರು ಬಿಟ್ಟ. ಆದರೂ ಹತ್ತಿ ಕೂತು ಎಂದಿನಂತೆ ದಢಾರನೆ ತುಳಿದ.

"ಹಾವು ಕೊಲ್ತಿದ್ದೀಯೇನೋ?" ಅಂದ ಅನೆಸ್ತಿಸ್. "ಮೆಲ್ಲಗೆ ಒತ್ತು. ಕೋಳಿಮೊಟ್ಟೆ ಮೇಲೆ ಕಾಲಿಟ್ಟಿದ್ದೀಯ ಅಂದ್ಕೋ. ಒತ್ತಿ ಅಲ್ಲೇ ಬಿಡು."

ಸ್ತೆರ್ಯೋಸನಿಗೆ ಮೆಲ್ಲಗೆ ಒತ್ತುವುದೇ ಬರಲಿಲ್ಲ. ಕಡೆಗೆ ಬೂಟು ಕಳಚಿ, ಬರಿಗಾಲಲ್ಲಿ, ಹಲ್ಲು ಕಚ್ಚಿಕೊಂಡು ಒತ್ತಿದ. ಅವನ ಮುಖದ ಮೇಲಿನ ಬೇಸರ ನಿಧಾನವಾಗಿ ಇಳಿದು ಇನ್ನೇನೋ ಆಯಿತು. ಇನ್ನೊಮ್ಮೆ ಒತ್ತಿದ. ಕೆಳಗಿಳಿದು ಬಾನೆಟ್ ಎತ್ತಿ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿದ. ಒಳಗಿನ ರಬ್ಬರ್ ವಾಷರನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದ. ಅದರ ಅಂಚು ಸವೆದು ತೆಳ್ಳಗಾಗಿತ್ತು.

"ಜೋರಾಗಿ ತುಳಿದ್ರೆ ಈ ಅಂಚು ಅರಳಿ ಗೋಡೆಗೆ ಅಂಟ್ಕೊಂಡು ಆಯಿಲ್ ತಡೀತದೆ," ಅಂದ. "ಮೆಲ್ಲಗೆ ಒತ್ತಿದ್ರೆ ಅರಳೋದೇ ಇಲ್ಲ. ಆಯಿಲ್ ಪಕ್ಕದಲ್ಲೇ ನುಸುಳಿ ವಾಪಸ್ ಡಬ್ಬಿಗೆ ಹೋಗ್ತದೆ. ಹೊರಗೆ ಹನಿ ಬೀಳೋದಿಲ್ಲ, ಡಬ್ಬೀಲಿ ಕಮ್ಮೀನೂ ಆಗೋದಿಲ್ಲ." ಆಮೇಲೆ ವಾಷರ್ ಕಡೆಗೇ ನೋಡುತ್ತ, "ನನಗೆ ಹೊಳೀಬೇಕಿತ್ತು ಅನೆಸ್ತಿಸಣ್ಣ. ನಿನ್ನ ವಯಸ್ಸು ನೋಡಿದೆ, ಇದನ್ನ ನೋಡಲಿಲ್ಲ."

"ನನ್ನ ವಯಸ್ಸೂ ಸುಳ್ಳಲ್ಲ ಬಿಡು. ಹೊಸದು ತರಿಸು," ಅಂದ ಮುದುಕ.

ಹೊಸ ಸಿಲಿಂಡರ್ ಆರ್ತಾದಿಂದ ಬಸ್ಸಿನಲ್ಲಿ ಬಂತು. ಲಾಂಬ್ರೋಸ್ ಸುದ್ದಿ ಕೇಳಿ ಆ ಸಂಜೆ ಕುರಿಗಳನ್ನು ಬೇಗ ತಂದು ದೊಡ್ಡಿಗೆ ಕೂಡಿ, ಅಪ್ಪನ ಪಕ್ಕದಲ್ಲಿ ಕೂತು, ಕೇಳದೆಯೇ ಅವನ ಲೋಟಕ್ಕೆ ಸಾರಾಯಿ ಬಗ್ಗಿಸಿದ. ಅಷ್ಟಕ್ಕಿಂತ ಹೆಚ್ಚಿನದು ಅವನ ಬಾಯಲ್ಲಿ ಬರುವುದಿಲ್ಲ ಎಂದು ಮಾವ ಸೊಸೆ ಇಬ್ಬರಿಗೂ ಗೊತ್ತಿತ್ತು.

ಮುಂದಿನ ಸಂತೆಯ ಬೆಳಿಗ್ಗೆ ಡಬ್ಬಿಗಳನ್ನು ಹೇರಿ ಮುಗಿದ ಮೇಲೆ ಎವಾಂಥಿಯಾ ಹೋಗಿ ಪಕ್ಕದ ಸೀಟಿನಲ್ಲಿ ಕೂತಳು. ಅನೆಸ್ತಿಸ್ ಅಂಗಳದಲ್ಲೇ ನಿಂತಿದ್ದ.

"ಊರು ಏನಂತದೋ," ಅಂದ.

"ಅನ್ನಲಿ. ನನ್ನ ಕೈಲಾಗ್ತಿಲ್ಲ ಮಾವ. ಬನ್ನಿ."

ಅವನು ಹತ್ತಿದ. ಮೊದಲಿಗಿಂತ ನಿಧಾನವಾಗಿ ಓಡಿಸಿದ. ಪ್ರತಿ ತಿರುವಿಗೆ ಮುಂಚೆ ಪೆಡಲನ್ನು ಒಮ್ಮೆ ಒತ್ತಿ ನೋಡಿ, ಬಿಟ್ಟು, ಮತ್ತೆ ಒತ್ತುತ್ತಿದ್ದ. ನಂಬಿಕೆ ಇಲ್ಲದ್ದು ಗಾಡಿಯ ಮೇಲೋ ಕಾಲಿನ ಮೇಲೋ, ಅವಳಿಗೆ ತಿಳಿಯಲಿಲ್ಲ. ಚೌಕದಲ್ಲಿ ಕಾಫಿ ಅಂಗಡಿಯವ ಕೈ ಎತ್ತಿದ. ಮುದುಕ ತಲೆ ಅಲ್ಲಾಡಿಸಿ ಮುಂದೆ ಹೋದ. ಅವಳು ಕೀಲಿ ಕೇಳಿದ ದಿನದ ಮಾತಿಗೆ ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದಳು. "ಈ ಸಲ ಹೆಪ್ಪು ಸರಿಯಾಗಿ ಕೂರಲಿಲ್ಲ," ಎಂದಷ್ಟೇ ಬಂತು.

"ಬಿಸಿಲು ಜಾಸ್ತಿ," ಅಂದ ಅವನು. ಒಂದು ತಿರುವು ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, "ನೀನು ಮಗುವಿನ ಮಾತು ಹೇಳಿದ್ದು ಸರಿಯಾಗಿಯೇ ಇತ್ತು. ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಕೇಳ್ತಿದ್ದೆ. ಕೀಲಿ ಕೈಗೆ ಕೊಡಬೇಕಿತ್ತು, ಕೊಡಲಿಲ್ಲ," ಅಂದ.

ಅದಕ್ಕೆ ಏನಾದರೂ ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಅವಳಿಗೆ ನಿದ್ದೆ ಹತ್ತಿತು. ಸೇತುವೆ ಬಂದದ್ದು, ಹೋದದ್ದು ಗೊತ್ತಾಗಲಿಲ್ಲ. ಎಚ್ಚರವಾದಾಗ ಗಾಡಿ ಆರ್ತಾದ ಸಂತೆಬೀದಿಯಲ್ಲಿ ನಿಂತಿತ್ತು, ಎಂಜಿನ್ ಆರಿತ್ತು. ಸುತ್ತಲೂ ಮಳಿಗೆಗಳು ಎದ್ದಿದ್ದವು, ಹೆಂಗಸರು ಚೀಲ ಹಿಡಿದು ಓಡಾಡುತ್ತಿದ್ದರು. ಮಾವ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

"ಎಬ್ಬಿಸಬಾರದಿತ್ತಾ ಮಾವ? ಎಲ್ಲರೂ ಬಂದಾಯ್ತಲ್ಲ."

"ಯಾರೂ ಬಂದಿಲ್ಲ," ಅಂದ ಅನೆಸ್ತಿಸ್, ಕಿಟಕಿಯಿಂದ ಇಣುಕುತ್ತಿದ್ದ ಗಿರಾಕಿಗೆ ಆಮೇಲೆ ಬಾ ಎಂದು ಕೈಸನ್ನೆ ಮಾಡುತ್ತ. "ಇನ್ನೊಂದಿಷ್ಟು ಹೊತ್ತು ಮಲಕ್ಕೋ."